ದನಿಗೆ ಉಸಿರು ಕೊಡುವ ರಿವರ್ಬ್

ಫ್ಯಾನ್ ಆರಿಸಿ, ಕಿಟಕಿಗೆ ರಗ್ಗು ಕಟ್ಟಿ ಮನೆಯಲ್ಲೇ ರೆಕಾರ್ಡ್ ಮಾಡಿದ ಭಾವಗೀತೆ ಹೆಡ್‌ಫೋನಿನಲ್ಲಿ ಒಣಒಣ ಕೇಳುತ್ತದೆ. ಅನುರಣನ ಸೇರಿಸುವ ಪ್ಲೇಟ್ ರಿವರ್ಬ್ ಪ್ಲಗಿನ್ ಹಾಕಿದೊಡನೆ ದನಿಗೆ ಉಸಿರು ಬರುತ್ತದೆ. 1957ರಲ್ಲಿ ಜರ್ಮನಿಯ ಇಎಂಟಿ ಕಂಪನಿ ತಂದ ಮೂಲ ಯಂತ್ರದಲ್ಲಿ, ಚೌಕಟ್ಟಿಗೆ ತೂಗುಹಾಕಿದ ಉಕ್ಕಿನ ತಗಡು ಕಂಪಿಸಿ ಅನುರಣನ ಹುಟ್ಟಿಸುತ್ತಿತ್ತು. ತೂಕ ಸುಮಾರು 270 ಕೆ.ಜಿ. ಆ ನಾದಗುಣ ಇಂದು ಲ್ಯಾಪ್‌ಟಾಪಿನಲ್ಲೇ ಸಿಗುತ್ತದೆ.

ನನಗೆ ಬಲು ಪ್ರಿಯ ಈ ಪ್ಲಗಿನ್ನಿನ ಪ್ರೀ-ಡಿಲೇ ಗುಂಡಿ. 30 ಮಿಲಿಸೆಕೆಂಡಿಗೆ ತಿರುಗಿಸಿದರೆ ಮೊದಲು ಅಕ್ಷರ ಸ್ಪಷ್ಟವಾಗಿ ಕೇಳುತ್ತದೆ, ಅನುರಣನ ಹಿಂದೆ ಬರುತ್ತದೆ, ಸಾಹಿತ್ಯ ಕಲಸಿಹೋಗುವುದಿಲ್ಲ. ಗಿಟಾರನ್ನೂ ಅದೇ ರಿವರ್ಬಿಗೆ ಸ್ವಲ್ಪ ಕಳಿಸಿದರೆ, ಹಾಡು ಮತ್ತು ತಂತಿ ಒಂದೇ ಪಡಸಾಲೆಯಲ್ಲಿ ಕೂತಂತಿರುತ್ತವೆ.

ಒಗ್ಗರಣೆಯಂತೆ ಇದಕ್ಕೂ ಹದ ಮುಖ್ಯ. ಇದ್ದಾಗ ಎದ್ದು ಕೇಳಬಾರದು, ತೆಗೆದಾಗ ಕೊರತೆ ತಿಳಿಯಬೇಕು. ಅಷ್ಟು ಹಾಕಿ, ಸಾಕು.