ಕೂಟಸಾಕ್ಷ್ಯ: ಒಂದು ಕಲಮಿಗೆ ವ್ಯಾಖ್ಯಾನ

ಮೂಲದ ಸಾರ: ಪ್ರಮಾಣ ಮಾಡಿದ ಸಾಕ್ಷಿಯು, ನ್ಯಾಯದ ನಡವಳಿಯಲ್ಲಿ, ಬೇಕೆಂದೇ, ವ್ಯಾಜ್ಯಕ್ಕೆ ಮುಖ್ಯವಾದ, ಸುಳ್ಳೆಂದು ತಾನು ಬಲ್ಲ ಅಥವಾ ನಿಜವೆಂದು ನಂಬದ ಮಾತನ್ನು ನುಡಿದರೆ ಅಪರಾಧಿ.

ಇದು ಇಂಗ್ಲೆಂಡಿನ 1911ರ ಸುಳ್ಳು ಸಾಕ್ಷ್ಯ ಕಾಯಿದೆಯ ಮೊದಲ ಕಲಮು. ಶಿಕ್ಷೆಯ ಮೇರೆ 7 ವರ್ಷದ ಸೆರೆ. ನಮ್ಮ ಹಳೆಯ ವ್ಯವಹಾರಶಾಸ್ತ್ರದಲ್ಲಿ ಇಂಥವನಿಗೆ ಕೂಟಸಾಕ್ಷಿಯೆಂದು ಹೆಸರು. ಕೂಟವೆಂದರೆ ಇಲ್ಲಿ ಗುಂಪಲ್ಲ, ಕಪಟ. ಕಲ್ಯಾಣದ ವಿಜ್ಞಾನೇಶ್ವರನು ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದ ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಈ ಪದವೇ ಇದೆ. ಕಲಮಿನ ಒಂದೊಂದು ಪದವೂ ಒಂದೊಂದು ಬಾಗಿಲು, ಆರೋಪ ಹೊರಿಸುವವನು ಎಲ್ಲವನ್ನೂ ದಾಟಬೇಕು. ನಿದರ್ಶನಕ್ಕೆ ಕಾದಂಬರಿಕಾರ ಜೆಫ್ರಿ ಆರ್ಚರನ ಪ್ರಕರಣವನ್ನು ತೆಗೆದುಕೊಳ್ಳಲಾಗಿದೆ.

‘ಪ್ರಮಾಣ ಮಾಡಿದ ಸಾಕ್ಷಿ’: ದೇವರ ಆಣೆಯಿಟ್ಟು, ಇಲ್ಲವೇ ಆತ್ಮಸಾಕ್ಷಿಯ ಮೇಲೆ ವಚನವಿತ್ತು ನುಡಿಯುವವನು. ಸಂತೆಯಲ್ಲಿ ಆಡಿದ ಸುಳ್ಳು, ವರದಿಗಾರನಿಗೆ ಹೇಳಿದ ಸುಳ್ಳು ಇದರೊಳಗೆ ಬಾರವು. ‘ಡೈಲಿ ಸ್ಟಾರ್’ ಪತ್ರಿಕೆಯ ಮೇಲೆ ಹೂಡಿದ ಮಾನನಷ್ಟ ದಾವೆಯಲ್ಲಿ, 1987ರ ಜುಲೈಯಲ್ಲಿ, ಆರ್ಚರನು ಹೀಗೆ ಪ್ರಮಾಣ ಮಾಡಿ ನಿಂತನು. ಮೋನಿಕಾ ಕೋಗ್ಲನ್ ಎಂಬ ವೇಶ್ಯೆಯ ಸಂಗ ಮಾಡಿದನೆಂಬ ಬರಹ ಅಪ್ಪಟ ಸುಳ್ಳೆಂಬುದು ಅವನ ವಾದ. ಜ್ಯೂರಿ ಅವನನ್ನು ನಂಬಿ 5 ಲಕ್ಷ ಪೌಂಡ್ ಪರಿಹಾರ ಕೊಡಿಸಿತು.

‘ನ್ಯಾಯದ ನಡವಳಿಯಲ್ಲಿ’: ಸಿವಿಲ್ ದಾವೆಯೂ ಇದರಲ್ಲಿ ಸೇರಿತು. ತೊಡಕು ಇಲ್ಲಿಂದ ಮೊದಲಾಗುತ್ತದೆ. ಸಿವಿಲ್ ದಾವೆಯಲ್ಲಿ ತಕ್ಕಡಿ ಒಂದು ಕಡೆಗೆ ಕೊಂಚ ವಾಲಿದರೂ ತೀರ್ಪು ಆಗುತ್ತದೆ. ಕೂಟಸಾಕ್ಷ್ಯವು ಕ್ರಿಮಿನಲ್ ಅಪರಾಧವಾದ್ದರಿಂದ ನ್ಯಾಯವಾದ ಸಂಶಯಕ್ಕೆ ಎಳ್ಳಷ್ಟೂ ಎಡೆಯಿರಕೂಡದು. ಆದ್ದರಿಂದ ದಾವೆ ಸೋತವನೆಲ್ಲ ಕೂಟಸಾಕ್ಷಿಯಲ್ಲ. ನ್ಯಾಯಾಲಯ ನಂಬಲಿಲ್ಲ ಎಂಬುದು ಬೇರೆ, ಸುಳ್ಳು ಹೇಳಿದನೆಂಬುದು ಬೇರೆ. ಇನ್ನು ಗೆದ್ದವನ ಮಾತಂತೂ ಮತ್ತೂ ಕಠಿಣ: ಹಿಂದಿನ ತೀರ್ಪೇ ಅವನ ಕೈಯ ಗುರಾಣಿ.

‘ಬೇಕೆಂದೇ’: ಮರೆವು, ಭ್ರಮೆ, ಪ್ರಶ್ನೆ ಸರಿಯಾಗಿ ಕೇಳಿಸದಿರುವುದು, ಇವು ಹೊರಗೆ.

‘ಮುಖ್ಯವಾದ’: ತೀರ್ಪನ್ನು ಅತ್ತಿತ್ತ ವಾಲಿಸಬಲ್ಲ ಎಂದರ್ಥ. ಮಾತು ಮುಖ್ಯವೋ ಅಲ್ಲವೋ ಎಂಬುದು ಕಾನೂನಿನ ಪ್ರಶ್ನೆ, ಜ್ಯೂರಿಗೆ ಬಿಟ್ಟದ್ದಲ್ಲ. ಆರ್ಚರನ ಗೆಳೆಯ ಟೆಡ್ ಫ್ರಾನ್ಸಿಸ್, ಅವನ ಕೋರಿಕೆಯಂತೆ, 1986ರ ಸೆಪ್ಟೆಂಬರ್ 9ರ ರಾತ್ರಿ ತಾವಿಬ್ಬರೂ ಜೊತೆಗೆ ಊಟ ಮಾಡಿದೆವೆಂದು ಬರೆದುಕೊಟ್ಟಿದ್ದನು. ದಾವೆಯಲ್ಲಿ ಚರ್ಚೆಗೆ ಬಂದದ್ದು 8ರ ರಾತ್ರಿ. ಆ ಊಟದ ಕಥೆ ಕಟಕಟೆ ಹತ್ತಲೇ ಇಲ್ಲ. 1999ರ ನವೆಂಬರಿನಲ್ಲಿ ಫ್ರಾನ್ಸಿಸ್ ಇದನ್ನು ಪತ್ರಿಕೆಯೊಂದಕ್ಕೆ ಹೇಳಿದಾಗ ಲಂಡನ್ ಮೇಯರ್ ಚುನಾವಣೆಯ ಕಣದಿಂದ ಆರ್ಚರನು ಹಿಂದೆ ಸರಿದನು. ಆದರೂ ಪ್ರಮಾಣದಡಿ ನುಡಿಯದ ಮಾತಿಗೆ ಈ ಕಲಮು ತಾಗದು; ಅದಕ್ಕೆ ನ್ಯಾಯದ ದಾರಿಗೆ ಅಡ್ಡಿ ಮಾಡಿದ್ದೆಂಬ ಬೇರೆಯೇ ಆಪಾದನೆ ಬೇಕಾಯಿತು. ಅದರಲ್ಲಿ ಫ್ರಾನ್ಸಿಸ್ ನಿರ್ದೋಷಿಯೆನಿಸಿದನು.

‘ಸುಳ್ಳೆಂದು ತಾನು ಬಲ್ಲ’: ಕಲಮಿನ ಜೀವ ಇದು. ಬಲ್ಲ ಎಂಬುದು ಮನಸ್ಸಿನೊಳಗಣ ಸಂಗತಿ. ಅದನ್ನು ಹೊರಗಿನವನು ತೋರಿಸಿಕೊಡಬೇಕು. ಇದರ ಮೇಲೆ ಅದೇ ಕಾಯಿದೆಯ 13ನೆಯ ಕಲಮು ಇನ್ನೊಂದು ಬೀಗ ಹಾಕುತ್ತದೆ: ಮಾತು ಸುಳ್ಳೆಂಬುದಕ್ಕೆ ಒಬ್ಬನೇ ಸಾಕ್ಷಿಯ ನುಡಿಯಿದ್ದರೆ ಶಿಕ್ಷೆ ಸಲ್ಲದು. ಆಣೆಗೆ ಆಣೆ ಎದುರಾದರೆ ಎರಡೂ ಸಮ ತೂಗುತ್ತವೆ ಎಂಬುದು ತಾತ್ಪರ್ಯ. ಮುಚ್ಚಿದ ಕೋಣೆಯಲ್ಲಿ ನಡೆದದ್ದಕ್ಕೆ ಎರಡನೆಯ ಸಾಕ್ಷಿ ಎಲ್ಲಿ? ಕೋಗ್ಲನ್ ಒಬ್ಬಳೇ, ಆಕೆಯೂ 2001ರ ಏಪ್ರಿಲಿನಲ್ಲಿ, ಆರ್ಚರನ ಮೇಲಣ ಕೂಟಸಾಕ್ಷ್ಯದ ವಿಚಾರಣೆಗೆ ತಿಂಗಳಿರುವಾಗ, ಕಾರು ಅಪಘಾತದಲ್ಲಿ ತೀರಿಕೊಂಡಳು. ಬೀಗ ತೆರೆದದ್ದು ಒಂದು ಡೈರಿ. ಮಾನನಷ್ಟ ದಾವೆಗೆಂದು ಆರ್ಚರನು 1986ರ ಖಾಲಿ ಡೈರಿಯೊಂದನ್ನು ಕೈಗಿತ್ತು, ತಾನು ಹೇಳಿದಂತೆ ಹಿಂದಿನ ದಿನಗಳನ್ನು ತುಂಬಿಸಿದನೆಂದು ಅವನ ಆಪ್ತ ಕಾರ್ಯದರ್ಶಿ ನುಡಿದಳು. ಅದಕ್ಕೆ ಸೇರಿದ ಕಾಗದಗಳನ್ನು ಅಷ್ಟು ವರ್ಷ ಜೋಪಾನ ಮಾಡಿಟ್ಟಿದ್ದಳು. ಕಾಗದವಿಲ್ಲದೆ ಆಕೆಯ ಮಾತೂ ಒಂಟಿಯಾಗುತ್ತಿತ್ತು.

ಇಲ್ಲೊಂದು ಶಂಕೆ: 14 ವರ್ಷ ಹಳೆಯ ಮಾತಿಗೆ ಈಗ ವಿಚಾರಣೆಯೇ? ಸಮಾಧಾನ: ಇಂಗ್ಲೆಂಡಿನಲ್ಲಿ ಇಂಥ ಗುರುತರ ಅಪರಾಧಗಳಿಗೆ ಕಾಲಮಿತಿಯಿಲ್ಲ. ಮಿತಿಯಿರುವುದು ಮನುಷ್ಯರ ನೆನಪಿಗೆ, ಆಯುಷ್ಯಕ್ಕೆ.

‘ಅಪರಾಧಿ’: 2001ರ ಜುಲೈ 19ರಂದು ಲಂಡನ್ನಿನ ಓಲ್ಡ್ ಬೇಲಿ ನ್ಯಾಯಾಲಯದಲ್ಲಿ ಆರ್ಚರನಿಗೆ 4 ವರ್ಷದ ಸೆರೆಯಾಯಿತು. ಮರುವರ್ಷ ಅವನು ಆ 5 ಲಕ್ಷ ಪೌಂಡನ್ನು ಬಡ್ಡಿ, ಖರ್ಚುಗಳ ಸಮೇತ ಪತ್ರಿಕೆಗೆ ಹಿಂದಿರುಗಿಸಿದನು.