ಅಕ್ಷಿಪಟಲದ ಬೆಳವಣಿಗೆಯಲ್ಲಿ ಕಿರು ಆರ್‌ಎನ್‌ಎ: ಸಾಕ್ಷ್ಯಗಳ ಒಂದು ವಿಮರ್ಶೆ

ಮೈಕ್ರೋ ಆರ್‌ಎನ್‌ಎಗಳನ್ನು ಜೀನ್‌ಗಳ 'ಸ್ವಿಚ್' ಎಂದು ವರ್ಣಿಸುವುದು ವಾಡಿಕೆಯಾಗಿದೆ. ಇವುಗಳನ್ನು ಶೋಧಿಸಿದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕನ್ ಅವರಿಗೆ 2024ರಲ್ಲಿ ನೊಬೆಲ್ ಪ್ರಶಸ್ತಿ ದೊರೆತಿದೆ. ಕಣ್ಣಿನ ಅಕ್ಷಿಪಟಲ, ಅಂದರೆ ರೆಟಿನಾದ ಬೆಳವಣಿಗೆಯನ್ನು ಕುರಿತ ಪ್ರಯೋಗಗಳನ್ನು ಪರಿಶೀಲಿಸಿದರೆ ಆ ವರ್ಣನೆ ಎಷ್ಟು ಸರಿ ಎಂಬುದು ತಿಳಿಯುತ್ತದೆ.

ಸ್ವಿಚ್ಚೋ ತೂಬೋ?

ಮೈಕ್ರೋ ಆರ್‌ಎನ್‌ಎ ಸುಮಾರು 22 ನ್ಯೂಕ್ಲಿಯೊಟೈಡ್‌ಗಳಷ್ಟೇ ಉದ್ದದ ಅಣು. ಜೀವಿಯ ಸ್ವಂತ ಜೀನ್‌ಗಳಿಂದಲೇ ಉಂಟಾಗುವ ಮಡಿಚಿದ ಆರ್‌ಎನ್‌ಎಯನ್ನು ಡೈಸರ್ ಎಂಬ ಕಿಣ್ವ ಕತ್ತರಿಸಿದಾಗ ಇದು ದೊರೆಯುತ್ತದೆ. ಇದು ಸಂದೇಶವಾಹಕ ಆರ್‌ಎನ್‌ಎಗೆ ಅಂಟಿಕೊಂಡು ಪ್ರೋಟೀನಿನ ತಯಾರಿಕೆಯನ್ನು ತಗ್ಗಿಸುತ್ತದೆ. ಹೀಗೆ ತಗ್ಗುವ ಪ್ರಮಾಣ ಸಾಮಾನ್ಯವಾಗಿ ಅಲ್ಪ. ಒಂದು ಪ್ರೋಟೀನು ಅರ್ಧಕ್ಕೆ ಇಳಿಯುವುದೂ ಅಪರೂಪವೇ. ಆದ್ದರಿಂದ ದೀಪ ಆರಿಸುವ ಸ್ವಿಚ್ಚಿಗಿಂತ, ಹಿರಿಯೂರಿನ ಮಾರಿಕಣಿವೆಯಲ್ಲಿ ಕಾಲುವೆಯ ನೀರನ್ನು ಹೆಚ್ಚು ಕಡಿಮೆ ಮಾಡುವ ತೂಬಿನ ಹೋಲಿಕೆಯೇ ಇದಕ್ಕೆ ಹೆಚ್ಚು ಒಪ್ಪುತ್ತದೆ.

ಇನ್ನೊಂದು ಗೊಂದಲವನ್ನೂ ಇಲ್ಲಿ ಗಮನಿಸಬೇಕು. ದ್ವಿತೀಯ ಪಿಯುಸಿ ಜೀವಶಾಸ್ತ್ರದಲ್ಲಿ ತಂಬಾಕಿನ ಬೇರಿಗೆ ತಗಲುವ ದುಂಡುಹುಳುವನ್ನು ಆರ್‌ಎನ್‌ಎ ಅಡ್ಡಿಯಿಂದ ತಡೆಯುವ ಉದಾಹರಣೆ ಇದೆ. ಅದು ನಾವು ಹೂಡುವ ಆಯುಧ. ಮೈಕ್ರೋ ಆರ್‌ಎನ್‌ಎ ಜೀವಿಯ ಸ್ವಂತ ನಿಯಂತ್ರಣ. ಡೈಸರ್ ಎರಡಕ್ಕೂ ಬೇಕಾದರೂ ಎರಡೂ ಒಂದೇ ಅಲ್ಲ.

ತೆಗೆದು ನೋಡಿದಾಗ

ಅಕ್ಷಿಪಟಲದ ಬಗೆಬಗೆಯ ಕೋಶಗಳು ಒಂದೇ ಬಗೆಯ ಜನಕ ಕೋಶಗಳಿಂದ ಸರದಿಯ ಪ್ರಕಾರ ಹುಟ್ಟುತ್ತವೆ. ಮೊದಲು ಗ್ಯಾಂಗ್ಲಿಯಾನ್ ಕೋಶಗಳು, ಬಳಿಕ ಶಂಕು ಕೋಶಗಳೇ ಮೊದಲಾದವು, ಕಡೆಯ ಹಂತದಲ್ಲಿ ದ್ವಿಧ್ರುವ ಕೋಶಗಳು ಮತ್ತು ಮುಲ್ಲರ್ ಕೋಶಗಳು. ಈ ಸರದಿಯನ್ನು ಕಾಯುವವರು ಯಾರು?

2008ರಲ್ಲಿ ಡಾಮಿಯಾನಿ ಮತ್ತು ಸಂಗಡಿಗರು ಇಲಿಯ ಅಕ್ಷಿಪಟಲದಲ್ಲಿ ಡೈಸರನ್ನು ತೆಗೆದರು. ಅಕ್ಷಿಪಟಲ ಮೊದಲಿಗೆ ಸರಿಯಾಗಿಯೇ ರೂಪುಗೊಂಡು, ನಂತರ ಕ್ರಮೇಣ ನಶಿಸಿತು. ಬೆಳವಣಿಗೆಗೆ ಕಿರು ಆರ್‌ಎನ್‌ಎಗಳ ಅಗತ್ಯವೇ ಇಲ್ಲವೆಂದು ಇದರಿಂದ ತೋರಬಹುದು. ಆದರೆ 2010ರಲ್ಲಿ ಜಾರ್ಜಿ ಮತ್ತು ರೇ ಬೇರೊಂದು ವಿಧಾನದಿಂದ ಡೈಸರನ್ನು ತೆಗೆದಾಗ ಜನಕ ಕೋಶಗಳು ಆರಂಭದ ಹಂತದಲ್ಲೇ ನಿಂತುಬಿಟ್ಟವು. ಗ್ಯಾಂಗ್ಲಿಯಾನ್ ಕೋಶಗಳು ಮಿತಿಮೀರಿದವು, ಕಡೆಯ ಸರದಿಯ ಕೋಶಗಳು ಹುಟ್ಟಲಿಲ್ಲ.

ಒಂದೇ ಕಿಣ್ವವನ್ನು ತೆಗೆದರೂ ಫಲ ಬೇರೆ ಏಕೆ? ಮೊದಲ ಪ್ರಯೋಗದಲ್ಲಿ ಡೈಸರ್ ಎಲ್ಲ ಕೋಶಗಳಿಂದಲೂ ಹೋಗಿರಲಿಲ್ಲ, ಅಲ್ಲಲ್ಲಿ ತೇಪೆಯಂತೆ ಉಳಿದಿತ್ತು. ಅಲ್ಲದೆ ಕಿಣ್ವ ಹೋದರೂ ಮೊದಲೇ ತಯಾರಾದ ಕಿರು ಆರ್‌ಎನ್‌ಎಗಳು ಕೆಲಕಾಲ ಉಳಿಯಬಲ್ಲವು. ಹೀಗಾಗಿ 'ಏನನ್ನು ತೆಗೆದರು' ಎಂಬುದರ ಜೊತೆಗೆ 'ಯಾವಾಗ, ಎಷ್ಟು ಕೋಶಗಳಲ್ಲಿ' ಎಂದೂ ಕೇಳಬೇಕು.

ಮರಳಿ ಸೇರಿಸಿದಾಗ

ಈ ಬಗೆಯ ಪ್ರಯೋಗಗಳಿಗೆ ಒಂದು ದೊಡ್ಡ ಮಿತಿಯಿದೆ. ಡೈಸರ್ ಹೋದರೆ ನೂರಾರು ಮೈಕ್ರೋ ಆರ್‌ಎನ್‌ಎಗಳು ಒಟ್ಟಿಗೆ ಹೋಗುತ್ತವೆ. ಯಾವುದರ ಕೊರತೆಯಿಂದ ಏನಾಯಿತೆಂದು ಹೇಳಲಾಗದು. 2013ರಲ್ಲಿ ಲಾ ಟೊರೆ ಮತ್ತು ಸಂಗಡಿಗರು ಈ ಕೊರತೆಯನ್ನು ತುಂಬಿದರು. ಡೈಸರ್ ಇಲ್ಲದ ಅಕ್ಷಿಪಟಲಕ್ಕೆ ಲೆಟ್-7, ಮಿರ್-125 ಮತ್ತು ಮಿರ್-9 ಎಂಬ ಮೂರನ್ನು ಮರಳಿ ಕೊಟ್ಟಾಗ ಜನಕ ಕೋಶಗಳು ಮುಂದಿನ ಹಂತಕ್ಕೆ ಸಾಗಿದವು. ಪ್ರೊಟೋಜೆನಿನ್ ಮತ್ತು ಲಿನ್28ಬಿ ಎಂಬ ಎರಡು ಗುರಿ ಜೀನ್‌ಗಳೂ ಗೊತ್ತಾದವು.

ಇಲ್ಲೊಂದು ಸ್ವಾರಸ್ಯವಿದೆ. 1993ರಲ್ಲಿ ಪತ್ತೆಯಾದ ಮೊದಲ ಮೈಕ್ರೋ ಆರ್‌ಎನ್‌ಎ ಲಿನ್-4. ಅದು ಕೆಟ್ಟರೆ ಸಿ. ಎಲಿಗನ್ಸ್ ಎಂಬ ಪುಟ್ಟ ಹುಳುವಿನ ಮರಿ ಆರಂಭದ ಹಂತವನ್ನೇ ಮತ್ತೆ ಮತ್ತೆ ಪುನರಾವರ್ತಿಸುತ್ತದೆ. ಸಸ್ತನಿಗಳ ಮಿರ್-125 ಅದರದೇ ಬಂಧು. ಹುಳುವಿನ ಬೆಳವಣಿಗೆಯ ಗಡಿಯಾರದ ಭಾಗಗಳೇ ಇಲಿಯ ಕಣ್ಣಿನಲ್ಲೂ ದುಡಿಯುತ್ತಿವೆ. ಕಿರು ಆರ್‌ಎನ್‌ಎ ಅಕ್ಷಿಪಟಲವನ್ನು ಕಟ್ಟುವ ಮೇಸ್ತ್ರಿಯಲ್ಲ, ಹಂತದಿಂದ ಹಂತಕ್ಕೆ ದಾಟಿಸುವ ಸಮಯಪಾಲಕ.

ಭರವಸೆಯ ಮಿತಿ

ಮನುಷ್ಯರಲ್ಲೂ ಸಾಕ್ಷ್ಯವಿದೆ. ಐದು ತಲೆಮಾರುಗಳ ಒಂದು ಕುಟುಂಬದ ಆನುವಂಶಿಕ ಅಕ್ಷಿಪಟಲ ರೋಗಕ್ಕೆ ಮಿರ್-204ರ ಒಂದೇ ಅಕ್ಷರದ ಬದಲಾವಣೆ ಕಾರಣವೆಂದು 2015ರಲ್ಲಿ ವರದಿಯಾಯಿತು. ಆದರೆ ಇಷ್ಟರಿಂದಲೇ ಚಿಕಿತ್ಸೆ ಹತ್ತಿರ ಬಂದಿತೆಂದು ಬರೆಯುವುದು ಆತುರ. ಒಂದು ಕಿರು ಆರ್‌ಎನ್‌ಎಗೆ ಹಲವು ಗುರಿಗಳಿರುತ್ತವೆ. ಒಂದನ್ನು ಸರಿಪಡಿಸಹೋದರೆ ಇನ್ನೊಂದು ಕೆಡಬಹುದು. ಅಕ್ಷಿಪಟಲ ಪೂರ್ಣ ಬೆಳೆಯುವ ಮುನ್ನವೇ ಹುಟ್ಟುವ ಶಿಶುಗಳ ಕಣ್ಣುಳಿಸಲು ಕರ್ನಾಟಕದಲ್ಲಿ 2008ರಲ್ಲಿ ಆರಂಭವಾದ ಕಿಡ್‌ರಾಪ್ ಯೋಜನೆ ನೆಚ್ಚಿದ್ದು ಸಕಾಲಿಕ ತಪಾಸಣೆಯನ್ನು. ತಂತ್ರಜ್ಞರು ಜಿಲ್ಲೆಗಳಲ್ಲಿ ತೆಗೆದ ಅಕ್ಷಿಪಟಲದ ಚಿತ್ರಗಳನ್ನು ಬೆಂಗಳೂರಿನ ತಜ್ಞರು ಅಂತರಜಾಲದ ಮೂಲಕ ನೋಡಿ, ಅಗತ್ಯವಿದ್ದವರಿಗೆ ಲೇಸರ್ ಚಿಕಿತ್ಸೆ ಸೂಚಿಸುವ ವ್ಯವಸ್ಥೆ ಅದು.

ಕಿರು ಆರ್‌ಎನ್‌ಎಯ ಪಾತ್ರದ ಬಗ್ಗೆ ಓದುವಾಗ ವಿದ್ಯಾರ್ಥಿಗಳು ಮೂರು ಪ್ರಶ್ನೆ ಕೇಳಲಿ. ಅದು ಆ ಅಂಗಾಂಶದಲ್ಲಿ ಕಂಡುಬಂದಿದೆಯಷ್ಟೆಯೋ? ತೆಗೆದಾಗ ಏನಾದರೂ ಬದಲಾಯಿತೋ? ಮರಳಿ ಸೇರಿಸಿದಾಗ ಸರಿಹೋಯಿತೋ? ಮೊದಲ ಪ್ರಶ್ನೆಗಷ್ಟೇ ಉತ್ತರ ಸಿಕ್ಕರೆ ಅದು ಇರುವಿಕೆಯ ಸುದ್ದಿ. ಪಾತ್ರ ಸಿದ್ಧವಾಗುವುದು ಉಳಿದೆರಡಕ್ಕೂ ಉತ್ತರ ದೊರೆತಾಗ.