ಎಲಿಜಬೆತ್ ಡ್ರಿಂಕರ್ ದಿನಚರಿ: ಮನೆಯವರ ಕತ್ತರಿ, ಪತ್ರಾಗಾರದ ಪೆಟ್ಟಿಗೆ

ಗಡಿನಾಡಿನ ಕನ್ನಡಿಗರು ಸೇರಿದ ಕಡೆ ಫಿಲಡೆಲ್ಫಿಯಾದ ಕ್ವೇಕರ್ ಹೆಂಗಸೊಬ್ಬಳ ದಿನಚರಿ ಯಾಕೆ ಅಂತ ನೀವು ಕೇಳಬಹುದು. ಮನೆಯ ಕಾಗದಪತ್ರ ಉಳಿಸುವುದು ಅಂದರೆ ಏನನ್ನು ಉಳಿಸುವುದು ಎಂಬ ಪ್ರಶ್ನೆ ಈ ದಿನಚರಿಯಷ್ಟು ಸ್ಪಷ್ಟವಾಗಿ ನನಗೆ ಬೇರೆಲ್ಲೂ ಸಿಗಲಿಲ್ಲ, ಅದಕ್ಕೆ.

ಕ್ವೇಕರರು 17ನೇ ಶತಮಾನದ ಇಂಗ್ಲೆಂಡಿನಲ್ಲಿ ಹುಟ್ಟಿದ ಕ್ರೈಸ್ತ ಪಂಥದವರು. ಅವರ ಆರಾಧನಾ ಸಭೆಯಲ್ಲಿ ಮೌನವೇ ಹೆಚ್ಚು. ಬರೆಯುವುದರಲ್ಲಿ ಮಾತ್ರ ಮೌನ ಇಲ್ಲ. ಮದುವೆ, ಜನನ, ಮರಣ, ಬಹಿಷ್ಕಾರ, ಎಲ್ಲವೂ ಸಭೆಯ ನಡಾವಳಿ ಪುಸ್ತಕದಲ್ಲಿ ಉಂಟು. ಇದರ ಜೊತೆಗೆ ಮನೆಮನೆಯ ದಿನಚರಿಗಳು. ಎಲಿಜಬೆತ್ ಡ್ರಿಂಕರ್ 1758ರಿಂದ 1807ರಲ್ಲಿ ತೀರಿಕೊಳ್ಳುವವರೆಗೂ ಬರೆದಳು. ಅವಿವಾಹಿತೆ ಅಕ್ಕ ಮೇರಿ ಮನೆವಾರ್ತೆ ನೋಡಿಕೊಂಡದ್ದರಿಂದ ಇವಳಿಗೆ ಬರೆಯಲು ಪುರುಸೊತ್ತು ಸಿಕ್ಕಿತು ಅನ್ನುವುದನ್ನೂ ಮರೆಯಬಾರದು.

1889ರಲ್ಲಿ ಅದೇ ವಂಶದ ಹೆನ್ರಿ ಬಿಡಲ್ ಆಯ್ದ ಭಾಗಗಳನ್ನು ಒಂದು ಸಂಪುಟವಾಗಿ ಅಚ್ಚು ಹಾಕಿಸಿದ. ಇಡೀ ದಿನಚರಿ ಎಲೇನ್ ಫೋರ್ಮನ್ ಕ್ರೇನ್ ಸಂಪಾದಿಸಿದ ಮೂರು ಸಂಪುಟಗಳಲ್ಲಿ ಬಂದದ್ದು 1991ರಲ್ಲಿ. ನಡುವೆ ನೂರು ವರ್ಷ! ಅಷ್ಟೂ ಕಾಲ ಓದುಗರ ಕೈಗೆ ಸಿಕ್ಕಿದ್ದು ಮನೆಯವರು ಆರಿಸಿಕೊಟ್ಟ ಎಲಿಜಬೆತ್.

ಪೂರ್ತಿ ಪಠ್ಯದಲ್ಲಿ ಏನುಂಟು? ಹೆಚ್ಚಾಗಿ ಕಾಯಿಲೆ, ಔಷಧಿ, ಹವೆ, ಬಂದುಹೋದವರು. 1799ರ ಅಕ್ಟೋಬರಿನಲ್ಲಿ ಮಗಳು ಸ್ಯಾಲಿಯ ಕಷ್ಟದ ಹೆರಿಗೆ. ವೈದ್ಯರು ರಕ್ತ ತೆಗೆದದ್ದು, ಅಫೀಮು ಕೊಟ್ಟದ್ದು, ಪಕ್ಕದಲ್ಲೇ ಕೂತ ತಾಯಿ. 1796ರಲ್ಲಿ ಇನ್ನೊಬ್ಬ ಮಗಳು ಮೋಲಿ ಮನೆಯವರಿಗೆ ಹೇಳದೆ ಹೋಗಿ ಮದುವೆಯಾದಳು. ಸಭೆಯ ಒಪ್ಪಿಗೆಯಿಲ್ಲದ ಮದುವೆ ಕ್ವೇಕರರಲ್ಲಿ ಶಿಸ್ತಿನ ಪ್ರಶ್ನೆ. ನಡಾವಳಿ ಅಂಥದ್ದನ್ನು ಕಟ್ಟುನಿಟ್ಟಿನ ನಾಲ್ಕು ಸಾಲಲ್ಲಿ ಮುಗಿಸುತ್ತದೆ. ತಂದೆ ಬಿಗಿಯಾಗಿಯೇ ಇದ್ದಾಗ ತಾಯಿ ಮೆತ್ತಗಾದದ್ದು ತಿಳಿಯಬೇಕಾದರೆ ದಿನಚರಿಗೇ ಹೋಗಬೇಕು.

ಬಿಡಲ್‌ನನ್ನು ಬೈಯುವುದು ಸುಲಭ. ನಾನೂ ಅದನ್ನೇ ಮಾಡಿದವನು. ಅಜ್ಜನ ಅಡಿಕೆ ಲೆಕ್ಕದ ಪುಸ್ತಕ ಅಟ್ಟದಲ್ಲಿತ್ತು. 'ಮುಖ್ಯ' ಅಂತ ಕಂಡ ಇಪ್ಪತ್ತು ಪುಟಗಳ ಫೋಟೋ ತೆಗೆದು, ಉಳಿದದ್ದನ್ನು ಅಲ್ಲೇ ಬಿಟ್ಟೆ. ಮಳೆಗಾಲ ಕಳೆಯುವಾಗ ಗೆದ್ದಲು ತಿಂದು ಮುಗಿಸಿತ್ತು. ಬಿಡಲ್ ಕತ್ತರಿಸಿದ್ದು ಅಚ್ಚಿನ ಪ್ರತಿಯಲ್ಲಿ ಮಾತ್ರ. ಮೂಲ ಹಸ್ತಪ್ರತಿ ಉಳಿದು ಪೆನ್ಸಿಲ್ವೇನಿಯಾದ ಹಿಸ್ಟಾರಿಕಲ್ ಸೊಸೈಟಿ ಸೇರಿತು. ಕ್ರೇನ್ ಕೆಲಸ ಸಾಧ್ಯವಾದದ್ದು ಹಾಗೆ.

ಪಂಥದವರ ಕತ್ತರಿಯೂ ಇತ್ತು. ಜಾನ್ ವುಲ್‌ಮನ್‌ನ ಜರ್ನಲ್ 1774ರಲ್ಲಿ ಅಚ್ಚಾದಾಗ ಸಭೆಯ ಸಂಪಾದಕರು ಅವನ ಕನಸುಗಳನ್ನು ಬಿಟ್ಟರು. 1971ರ ಮೌಲ್ಟನ್ ಆವೃತ್ತಿಯಲ್ಲಿ ಅವು ಮರಳಿದವು. ಅದೂ ಹಸ್ತಪ್ರತಿ ಇದ್ದ ಕಾರಣಕ್ಕೆ.

ಕ್ರೇನ್ 1994ರಲ್ಲಿ ಒಂದು ಸಂಕ್ಷಿಪ್ತ ಆವೃತ್ತಿಯನ್ನೂ ತಂದರು, ಹೆಣ್ಣಿನ ಬದುಕಿನ ಘಟ್ಟಗಳಾಗಿ ವಿಂಗಡಿಸಿ. ತರಗತಿಗೆ ಒಳ್ಳೆಯದೇ. ಆದರೆ ನನಗೆ ಅದರಲ್ಲಿ ತೃಪ್ತಿ ಇಲ್ಲ. ಅದೇ ಹೊಟ್ಟೆನೋವು, ಅದೇ ಮಳೆ ಅಂತ ದಿನದಿನ ಓದುವ ಬೇಸರ ಅಲ್ಲಿ ಮಾಯವಾಗಿ, ಬದುಕಿಗೆ ಒಂದು ಕತೆಯ ಆಕಾರ ಬಂದುಬಿಡುತ್ತದೆ.

ದಿನಚರಿ ಒಂದೇ ಉಳಿದರೂ ಸಾಲದು. ಗಂಡನನ್ನು ಅವಳು 'ಎಚ್.ಡಿ.' ಅಂತಲೇ ಬರೆಯುತ್ತಾಳೆ. ಮನೆಮಂದಿಗೂ ಬಂದವರಿಗೂ ಬರೀ ಮೊದಲಕ್ಷರ. 1777ರಲ್ಲಿ ವಿಚಾರಣೆಯಿಲ್ಲದೆ ಅವನನ್ನು ಇತರ ಕ್ವೇಕರರೊಂದಿಗೆ ವರ್ಜೀನಿಯಾದ ವಿಂಚೆಸ್ಟರಿಗೆ ಗಡೀಪಾರು ಮಾಡಿದರು. ಮರುವರ್ಷ ಏಪ್ರಿಲಿನಲ್ಲಿ ಅವಳು ಮತ್ತೆ ಮೂವರು ಹೆಂಗಸರ ಜೊತೆ ವ್ಯಾಲಿ ಫೋರ್ಜ್‌ಗೆ ಹೋಗಿ ವಾಷಿಂಗ್ಟನ್‌ನನ್ನು ಕಂಡಳು. ಆ ತಿಂಗಳುಗಳನ್ನು ಓದುವಾಗ ಗಂಡ ಕಳಿಸಿದ ಪತ್ರಗಳು, ಅವನ ವ್ಯಾಪಾರದ ಕಾಗದಗಳು, ಸಭೆಯ ನಡಾವಳಿ ಪಕ್ಕದಲ್ಲಿರಬೇಕು. ಒಂದು ಮನೆಯ ಕಾಗದವನ್ನು 'ಸಾಹಿತ್ಯ', 'ಲೆಕ್ಕ' ಅಂತ ಬೇರೆ ಬೇರೆ ಪೆಟ್ಟಿಗೆಗೆ ಹಾಕಿದರೆ ಆ ಮೊದಲಕ್ಷರಗಳ ಬೀಗದ ಕೈ ಕಳೆದಂತೆ.

ತಾರೀಕಿನ ಬಗ್ಗೆ ಚಾಟ್‌ನಲ್ಲಿ ಒಬ್ಬರು ಕೇಳಿದ್ದಾರೆ. ತಿಂಗಳು, ವಾರಗಳ ಹೆಸರು ಅನ್ಯದೇವತೆಗಳದ್ದು ಅಂತ ಕ್ವೇಕರರು 'ಮೊದಲನೇ ತಿಂಗಳು', 'ಮೊದಲನೇ ದಿನ' ಅಂತ ಬರೆದರು. 1752ಕ್ಕೆ ಮುಂಚೆ ಇಂಗ್ಲಿಷರ ಮೊದಲನೇ ತಿಂಗಳು ಮಾರ್ಚ್. ಆದ್ದರಿಂದ 1740ರ ಹನ್ನೊಂದನೇ ತಿಂಗಳು ಅಂದರೆ ನಮ್ಮ ಲೆಕ್ಕದಲ್ಲಿ 1741ರ ಜನವರಿ. ಅದನ್ನು ನವೆಂಬರ್ ಅಂತ ಪಟ್ಟಿ ಮಾಡಿದರೆ ಮಗು ಹೆತ್ತವರ ಮದುವೆಗಿಂತ ಮೊದಲೇ ಹುಟ್ಟಿಬಿಡಬಹುದು. ಬರೀ ಸಂವತ್ಸರದ ಹೆಸರಿರುವ ನಮ್ಮ ಹಳೆಯ ಕಾಗದಗಳಲ್ಲೂ ಇಂಥದ್ದೇ ತೊಡಕು, ಅರುವತ್ತು ವರ್ಷದ್ದು. ಪಟ್ಟಿಯಲ್ಲಿ ಮೂಲದ ತಾರೀಕನ್ನು ಇದ್ದ ಹಾಗೇ ಬರೆದು, ಲೆಕ್ಕ ಹಾಕಿದ್ದನ್ನು ಪಕ್ಕದ ಅಂಕಣದಲ್ಲಿ ಹಾಕಿ.